ನುಸಿಗೊಂದು ಹೆಸರು ಸಿಗುವ ತನಕ

ಹಾಸನದ ಹತ್ತಿರದ ಬೂವನಹಳ್ಳಿ ಹೊರಗಿನವರಿಗೆ ಗೊತ್ತಿರುವುದು ವಿಮಾನ ನಿಲ್ದಾಣದ ಊರೆಂದು. ಸುತ್ತಲಿನವರಿಗೆ ಅದು ಆಲೂಗೆಡ್ಡೆ, ರಾಗಿ, ಮುಸುಕಿನ ಜೋಳದ ಸೀಮೆ. ಇಲ್ಲಿಂದ ಹೊಳೆನರಸೀಪುರದ ನಾಲೆ ಬಯಲಿಗೆ ಹೋದರೆ ಭತ್ತ, ಅರಕಲಗೂಡಿನ ಕಡೆ ಹೊಗೆಸೊಪ್ಪು, ಚನ್ನರಾಯಪಟ್ಟಣದ ಕಡೆ ತೆಂಗು. ಬೆಳೆ ಬೇರೆಯಾದರೂ ಒಂದು ದೂರು ಎಲ್ಲ ಕಡೆಯೂ ಒಂದೇ: ನುಸಿ ಬಿದ್ದಿದೆ. ಮೆಣಸಿನಕಾಯಿ ಗಿಡ ಮುಟುರಿಕೊಂಡರೂ ನುಸಿ, ಆಲೂಗೆಡ್ಡೆಯ ಕುಡಿ ಕಂದಿದರೂ ನುಸಿ, ಭತ್ತದ ಒಟ್ಟಲಿನಲ್ಲಿ ಗರಿ ಸುರುಳಿಯಾದರೂ ನುಸಿ.

ಈ ಒಂದೇ ಮಾತಿನ ಕೆಳಗೆ ಎಷ್ಟೋ ಜೀವಿಗಳು ಅಡಗಿವೆ. ಅವುಗಳಲ್ಲಿ ಕೆಲವು ಕೀಟಗಳೇ ಅಲ್ಲ. ಮೆಣಸಿನಕಾಯಿಯನ್ನೇ ನೋಡೋಣ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್‌ನ ಕೆಲಸ. ಕೆಳಕ್ಕೆ ಬಾಗಿ ಎಲೆ ಉದ್ದುದ್ದ ಎಳೆದುಕೊಂಡಿದ್ದರೆ ಅದು ಹಳದಿ ಮೈಟ್. ಥ್ರಿಪ್ಸ್‌ಗೆ ಆರು ಕಾಲು, ಅದು ಕೀಟ. ಮೈಟ್‌ಗೆ ಎಂಟು ಕಾಲು, ಅದು ಜೇಡದ ಬಳಗ. ಒಂದಕ್ಕೆ ಹೊಡೆಯುವ ಔಷಧಿ ಇನ್ನೊಂದಕ್ಕೆ ತಾಗದೆ ಹೋಗುವುದುಂಟು. ಮೈಟನ್ನು ತಿನ್ನುವ ಜೀವಿಗಳು ಆ ಔಷಧಿಗೆ ಸತ್ತು ಮೈಟ್ ಇನ್ನೂ ಹೆಚ್ಚುವುದೂ ಉಂಟು. ಗುರುತು ತಪ್ಪಿದರೆ ಹಣ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಆದ್ದರಿಂದ ಹೊಸದೊಂದು ಥ್ರಿಪ್ಸ್ ಪ್ರಭೇದವನ್ನು ಕಂಡು, ವರ್ಣಿಸಿ, ಹೆಸರಿಡುವ ಕೆಲಸ ಪ್ರಯೋಗಾಲಯದ ನಾಲ್ಕು ಗೋಡೆಯೊಳಗಿನ ಹವ್ಯಾಸವೆಂದು ನನಗೆ ಎಂದೂ ಅನ್ನಿಸಿಲ್ಲ. ಆ ಕೆಲಸ ಹೇಗೆ ನಡೆಯುತ್ತದೆ, ನಮ್ಮಲ್ಲಿ ಎಲ್ಲಿಯವರೆಗೆ ಬಂದಿದೆ, ಹಾಸನದಂಥ ಜಿಲ್ಲೆಯಲ್ಲಿ ಏನು ಬಾಕಿ ಇದೆ ಎಂಬುದನ್ನು ಇಲ್ಲಿ ನೋಡಬಹುದು.

ಮೊದಲು ಜೀವಿಯ ಪರಿಚಯ. ಹೆಚ್ಚಿನ ಥ್ರಿಪ್ಸ್‌ಗಳ ಉದ್ದ ಒಂದೆರಡು ಮಿಲಿಮೀಟರ್. ರೆಕ್ಕೆ ಎಂದರೆ ಸಣ್ಣದೊಂದು ಪಟ್ಟಿ, ಅದರ ಎರಡೂ ಅಂಚಿಗೆ ಉದ್ದನೆಯ ಕೂದಲಿನ ಜಾಲರಿ. ಈ ಜಾಲರಿ ರೆಕ್ಕೆಯನ್ನೇ ಲಕ್ಷಣವಾಗಿಟ್ಟುಕೊಂಡು 1836ರಲ್ಲಿ ಐರ್ಲೆಂಡಿನ ಹ್ಯಾಲಿಡೇ ಈ ಗಣಕ್ಕೆ ಥೈಸನಾಪ್ಟೆರ ಎಂದು ಹೆಸರಿಟ್ಟ. ಬಾಯಿಯ ರಚನೆ ಇನ್ನೂ ವಿಚಿತ್ರ. ಎಡಗಡೆಯ ದವಡೆ ಮಾತ್ರ ಬೆಳೆಯುತ್ತದೆ, ಬಲಗಡೆಯದು ಮೊಟ್ಟೆಯೊಳಗಿರುವಾಗಲೇ ಕರಗಿಹೋಗುತ್ತದೆ. ಆ ಒಂಟಿ ದವಡೆಯಿಂದ ಎಲೆಯ ಸಿಪ್ಪೆಗೆ ತೂತು ಮಾಡಿ ಜೀವಕೋಶದ ರಸ ಹೀರುತ್ತದೆ. ರಸ ಹೋದ ಕೋಶದೊಳಗೆ ಗಾಳಿ ತುಂಬಿ, ಎಲೆಯ ಮೇಲೆ ಬೆಳ್ಳಿ ಬಣ್ಣದ ಮಚ್ಚೆಗಳು ಕಾಣುತ್ತವೆ. ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಇಡಬಲ್ಲದು. ಬಹುತೇಕ ಪ್ರಭೇದಗಳಲ್ಲಿ ಅಂಥ ಮೊಟ್ಟೆಯಿಂದ ಹುಟ್ಟುವುದು ಗಂಡು. ಮರಿಯ ಎರಡು ಹಂತ ಮುಗಿದ ಮೇಲೆ ಏನನ್ನೂ ತಿನ್ನದೆ ತಟಸ್ಥವಾಗಿರುವ ಹಂತಗಳಿವೆ, ಆ ಹೊತ್ತಿಗೆ ಬಹಳಷ್ಟು ಪ್ರಭೇದಗಳು ಗಿಡದಿಂದ ಮಣ್ಣಿಗೆ ಇಳಿದಿರುತ್ತವೆ. ಎಲೆಗೆ ಹೊಡೆದ ಔಷಧಿ ಅವುಗಳ ಬಳಿ ಸುಳಿಯುವುದೂ ಇಲ್ಲ. ಹೊಡೆದ ವಾರದೊಳಗೆ ನುಸಿ ಮತ್ತೆ ಬಂತು ಎಂದು ರೈತರು ಹೇಳುವುದಕ್ಕೆ ಇದೂ ಒಂದು ಕಾರಣ.

ಜಗತ್ತಿನಲ್ಲಿ ಇವುಗಳ ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿದೆ. ಭಾರತದಿಂದ ದಾಖಲಾಗಿರುವವು ಏಳುನೂರಕ್ಕೂ ಹೆಚ್ಚು. ಬೆಳೆಗೆ ಗಂಡಾಂತರ ತರುವವು ಇದರಲ್ಲಿ ಬೆರಳೆಣಿಕೆಯಷ್ಟು ಮಾತ್ರ ಎಂಬುದನ್ನು ಒತ್ತಿ ಹೇಳಬೇಕು. ಉಳಿದವು ಒಣಗಿದ ಕೊಂಬೆಯ ಮೇಲಿನ ಬೂಷ್ಟು ತಿಂದು, ತರಗೆಲೆಯಡಿ ಬದುಕಿ, ಹೂವಿನ ಪರಾಗ ಮೆದ್ದು ತಮ್ಮ ಪಾಡಿಗೆ ತಾವಿರುತ್ತವೆ. ಕೆಲವು ಮೈಟ್‌ಗಳನ್ನೂ ಬೇರೆ ಥ್ರಿಪ್ಸ್‌ಗಳನ್ನೂ ಹಿಡಿದು ತಿನ್ನುವ ಬೇಟೆಗಾರರು, ರೈತನ ಪಾಲಿನ ಮಿತ್ರರು. ಆಸ್ಟ್ರೇಲಿಯಾದಲ್ಲಿ ಅಕೇಶಿಯಾ ಎಲೆಯ ಗಂಟಿನೊಳಗೆ ಮನೆ ಮಾಡಿಕೊಂಡ ಕೆಲವು ಥ್ರಿಪ್ಸ್‌ಗಳಲ್ಲಿ ಇರುವೆಗಳಂತೆ ಕಾವಲು ಸೈನಿಕರಿದ್ದಾರೆಂದು 1992ರಲ್ಲಿ ಬರ್ನಾರ್ಡ್ ಕ್ರೆಸ್ಪಿ ತೋರಿಸಿಕೊಟ್ಟರು. ಇಷ್ಟು ವೈವಿಧ್ಯವಿರುವ ಗುಂಪನ್ನು ಪೀಡೆಯೆಂಬ ಒಂದೇ ಕಣ್ಣಿನಿಂದ ನೋಡುವುದು ಅನ್ಯಾಯ.

ಇನ್ನು ಹೊಸ ಪ್ರಭೇದವೆಂದರೆ ಏನು? ಪತ್ರಿಕೆಗಳಲ್ಲಿ ಹೊಸ ಕೀಟ ಪತ್ತೆ ಎಂಬ ತಲೆಬರಹದ ಅಡಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬರುತ್ತವೆ. ಒಂದು, ಜಗತ್ತಿನಲ್ಲಿ ಯಾರೂ ಹೆಸರಿಡದ ಜೀವಿ. ಎರಡು, ಬೇರೆಡೆ ಹೆಸರಿದ್ದು ನಮ್ಮ ನಾಡಿಗೆ ಹೊಸದಾಗಿ ಬಂದದ್ದು. ಮೂರು, ನಮ್ಮ ನಡುವೆಯೇ ಹಳೆಯ ಹೆಸರಿನಡಿ ಇದ್ದು, ಒಂದಲ್ಲ ಹಲವು ಎಂದು ಈಗ ತಿಳಿದದ್ದು. ಮೂರಕ್ಕೂ ಬೇಕಾದ ವಿದ್ಯೆ ಒಂದೇ. ಪರಿಣಾಮಗಳು ಮಾತ್ರ ಬೇರೆ.

ಮೊದಲನೆಯದರ ಕ್ರಮ ಹೀಗೆ. ಗಿಡದ ಕೆಳಗೆ ಬಿಳಿಯ ತಟ್ಟೆ ಹಿಡಿದು ಹೂವನ್ನೋ ಕೊಂಬೆಯನ್ನೋ ತಟ್ಟುತ್ತಾರೆ. ಉದುರಿದ ಚುಕ್ಕೆಗಳು ಓಡತೊಡಗಿದೊಡನೆ ಒದ್ದೆ ಕುಂಚದ ತುದಿಯಿಂದ ಎತ್ತಿ ಆಲ್ಕೋಹಾಲಿನ ಸೀಸೆಗೆ ಹಾಕುತ್ತಾರೆ. ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಯಾವ ಊರು, ಯಾವ ದಿನ, ಯಾವ ಗಿಡ. ಈ ಚೀಟಿ ಇಲ್ಲದ ಮಾದರಿ ಎಷ್ಟು ಅಪರೂಪದ್ದಾದರೂ ಹೆಚ್ಚು ಪ್ರಯೋಜನಕ್ಕೆ ಬಾರದು. ಆಮೇಲೆ ಪ್ರಯೋಗಾಲಯದ ಕೆಲಸ. ಸೌಮ್ಯವಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಹೊಟ್ಟೆಯೊಳಗಿನದನ್ನು ಕರಗಿಸಬೇಕು, ಹಂತ ಹಂತವಾಗಿ ಆಲ್ಕೋಹಾಲಿನಲ್ಲಿ ನೀರಿನಂಶ ತೆಗೆಯಬೇಕು, ಲವಂಗದೆಣ್ಣೆಯಲ್ಲಿ ತಿಳಿಯಾಗಿಸಬೇಕು, ಕಾಲು, ರೆಕ್ಕೆ, ಮೀಸೆಗಳನ್ನು ಮುರಿಯದಂತೆ ಹರಡಿ ಕೆನಡಾ ಬಾಲ್ಸಮ್ ಅಂಟಿನಲ್ಲಿ ಗಾಜಿನ ಮೇಲೆ ಕೂರಿಸಬೇಕು. ಅಂಟು ಪೂರ್ತಿ ಒಣಗಲು ಬೆಚ್ಚನೆಯ ಪೆಟ್ಟಿಗೆಯಲ್ಲಿ ವಾರಗಳೇ ಬೇಕು. ಹೀಗೆ ತಯಾರಾದ ಸ್ಲೈಡ್ ನೂರು ವರ್ಷವಾದರೂ ಓದಲು ಸಿಗುತ್ತದೆ. ಅವಸರದಲ್ಲಿ ಮಾಡಿದ್ದು ಬೇಗನೆ ಕಪ್ಪಾಗುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಮುಖ್ಯವಾಗಿ ಕೂದಲುಗಳನ್ನು. ತಲೆಯ ಮೇಲೆ ತ್ರಿಕೋನಾಕಾರದಲ್ಲಿ ಮೂರು ಸರಳ ಕಣ್ಣುಗಳಿದ್ದು, ಅವುಗಳ ಸುತ್ತಮುತ್ತ ನಿಂತ ಮೂರನೆಯ ಜೋಡಿ ಕೂದಲು ಆ ತ್ರಿಕೋನದ ಒಳಗಿದೆಯೋ ಹೊರಗಿದೆಯೋ? ಮೀಸೆಯಲ್ಲಿ ಏಳು ಗೆಣ್ಣೋ ಎಂಟೋ? ಮೂರು, ನಾಲ್ಕನೆಯ ಗೆಣ್ಣಿನ ಸಂವೇದನಾ ಶಂಕು ಕವಲೊಡೆದಿದೆಯೋ? ಮುಂದಿನ ರೆಕ್ಕೆಯ ನರದ ಮೇಲೆ ಕೂದಲು ಸಾಲು ಬಿಡದೆ ಬಂದಿದೆಯೋ, ನಡುವೆ ಬಿಟ್ಟುಹೋಗಿದೆಯೋ? ಹೊಟ್ಟೆಯ ಎಂಟನೆಯ ಖಂಡದ ಹಿಂಬದಿಯಲ್ಲಿ ಬಾಚಣಿಗೆಯಂಥ ಹಲ್ಲುಸಾಲು ಪೂರ್ತಿ ಇದೆಯೋ, ಮಧ್ಯದಲ್ಲಿ ಕಡಿದಿದೆಯೋ? ಇಂಥ ಹತ್ತಾರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು, ಆ ಕುಲದ ಈವರೆಗಿನ ಎಲ್ಲ ಪ್ರಭೇದಗಳ ವರ್ಣನೆಯೊಂದಿಗೂ, ಸಾಧ್ಯವಾದರೆ ಮೂಲ ಮಾದರಿಗಳೊಂದಿಗೂ ಹೋಲಿಸಬೇಕು. ಎಲ್ಲಿಯೂ ಹೊಂದದಿದ್ದರೆ ಮಾತ್ರ ಅದು ಹೊಸದು. ಆಗ ಒಂದು ಸ್ಲೈಡನ್ನು ಹೋಲೋಟೈಪ್ ಎಂದು ಆರಿಸುತ್ತಾರೆ. ಆ ಹೆಸರಿಗೆ ಎಂದೆಂದಿಗೂ ಆ ಒಂದು ಕೀಟವೇ ಸಾಕ್ಷಿ. ವರ್ಣನೆ ಪ್ರಕಟವಾಗಬೇಕು, ಅಂತರ್ಜಾಲದಲ್ಲಿ ಮಾತ್ರ ಪ್ರಕಟವಾಗುವುದಾದರೆ ಜೂಬ್ಯಾಂಕ್ ಎಂಬ ದಾಖಲೆಯಲ್ಲಿ ನೋಂದಾಯಿಸಬೇಕೆಂದು 2012ರಿಂದ ನಿಯಮವಿದೆ. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರದಲ್ಲಿ ಒಪ್ಪಿಸಲೇಬೇಕು.

ಇದು ಹೇಳುವಷ್ಟು ಸುಲಭವಲ್ಲ. ಬೂಷ್ಟು ತಿನ್ನುವ ಥ್ರಿಪ್ಸ್‌ಗಳಲ್ಲಿ ಒಂದೇ ತಾಯಿಯ ಮಕ್ಕಳಲ್ಲಿ ದೊಡ್ಡ ಗಂಡಿಗೆ ಪೈಲ್ವಾನನ ಹಾಗೆ ದಪ್ಪ ಮುಂಗಾಲು, ಸಣ್ಣ ಗಂಡು ನೋಡಲು ಹೆಣ್ಣಿನ ಹಾಗೆ. ಹಿಂದಿನವರು ಇವನ್ನು ಬೇರೆ ಬೇರೆ ಪ್ರಭೇದಗಳೆಂದು ಭಾವಿಸಿ ಹೆಸರಿಟ್ಟದ್ದುಂಟು. ಮೆಣಸಿನಕಾಯಿ ಥ್ರಿಪ್ಸ್ ಎಂದೇ ಪ್ರಸಿದ್ಧವಾದ ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್‌ನ ಕಥೆ ನೋಡಿ. ಕೊಯಮತ್ತೂರಿನಿಂದ ಹೋದ ಮಾದರಿಗಳನ್ನು ನೋಡಿ ಅಮೆರಿಕದ ಹುಡ್ 1919ರಲ್ಲಿ ಅದಕ್ಕೆ ಹೆಸರಿಟ್ಟ. ಅದೇ ಕೀಟಕ್ಕೆ ಬ್ಯಾಗ್ನಾಲ್, ಕಾರ್ನಿ, ಗಿರಾಲ್ಟ್ ಮೊದಲಾದವರು ಬೇರೆ ಬೇರೆ ಹೆಸರು ಕೊಟ್ಟಿದ್ದರು. ಅವೆಲ್ಲ ಒಂದೇ ಎಂದು ಬಿಡಿಸಿ ಹೇಳುವುದೂ ಮುಂದಿನವರ ಪಾಲಿನ ದೊಡ್ಡ ಕೆಲಸವಾಯಿತು. ಹೊಸ ಹೆಸರು ಸೇರಿಸಿದವನಿಗಷ್ಟೇ ಅಲ್ಲ, ಬೇಡದ ಹೆಸರು ತೆಗೆದವನಿಗೂ ನಾವು ಋಣಿಗಳು.

ದಕ್ಷಿಣ ಭಾರತದಲ್ಲಿ ಈ ವಿದ್ಯೆಗೆ ಗಟ್ಟಿ ಪರಂಪರೆಯಿದೆ. ಮದ್ರಾಸ್ ಪ್ರಾಂತದ ಕೃಷಿ ಇಲಾಖೆಯಲ್ಲಿದ್ದ ಟಿ.ವಿ. ರಾಮಕೃಷ್ಣ ಅಯ್ಯರ್ 1928ರಲ್ಲಿ ಭಾರತದ ಥ್ರಿಪ್ಸ್‌ಗಳ ಬಗ್ಗೆ ದೊಡ್ಡದೊಂದು ಬರವಣಿಗೆ ಮಾಡಿದರು. ಸಕಲೇಶಪುರದ ಏಲಕ್ಕಿ ತೋಟದವರು ಇಂದಿಗೂ ಎದುರಿಸುತ್ತಿರುವ ಏಲಕ್ಕಿ ಥ್ರಿಪ್ಸ್‌ಗೆ 1935ರಲ್ಲಿ ಹೆಸರಿಟ್ಟವರು ಅವರೇ. ಅದು ಈಗ ಸಿಯೋಥ್ರಿಪ್ಸ್ ಕಾರ್ಡಮೋಮಿ. ಎಲೆಯ ಒರೆಯಲ್ಲಿ, ಹೂಗೊಂಚಲಿನಲ್ಲಿ ಅಡಗಿಕೊಂಡು ಎಳೆಯ ಕಾಯಿಯ ಸಿಪ್ಪೆ ಕೆರೆಯುವುದರಿಂದ ಏಲಕ್ಕಿ ಹುರುಕು ಹತ್ತಿದಂತಾಗಿ ಬೆಲೆ ಕಳೆದುಕೊಳ್ಳುತ್ತದೆ. ಆಮೇಲೆ ಬಂದವರು ಟಿ.ಎನ್. ಅನಂತಕೃಷ್ಣನ್. ಚೆನ್ನೈನ ಲೊಯೊಲಾ ಕಾಲೇಜಿನಲ್ಲಿ ಕೀಟಶಾಸ್ತ್ರ ಸಂಶೋಧನಾ ಸಂಸ್ಥೆ ಕಟ್ಟಿದ ಅವರು 1969ರಲ್ಲಿ ಭಾರತದ ಥ್ರಿಪ್ಸ್‌ಗಳ ಬಗ್ಗೆ ಬರೆದ ಗ್ರಂಥ ಇವತ್ತಿಗೂ ಮೇಜಿನ ಮೇಲಿರುವ ಪುಸ್ತಕ. ಎಲೆಯಲ್ಲಿ ಗಂಟು ಕಟ್ಟುವ ಥ್ರಿಪ್ಸ್‌ಗಳ ಬದುಕನ್ನು ಅವರಷ್ಟು ಪ್ರೀತಿಯಿಂದ ನೋಡಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಹಾಸನದ ಕಾಫಿ ತೋಟದ ಕಾಳುಮೆಣಸಿನ ಬಳ್ಳಿಯಲ್ಲಿ ಎಲೆಯ ಅಂಚು ಒಳಕ್ಕೆ ಸುತ್ತಿಕೊಂಡದ್ದನ್ನು ಬಿಡಿಸಿ ನೋಡಿದರೆ ಲಿಯೋಥ್ರಿಪ್ಸ್ ಕಾರ್ನಿಯ ಇಡೀ ಸಂಸಾರ ಸಿಗುತ್ತದೆ: ಮೊಟ್ಟೆ, ಮರಿ, ಕಪ್ಪು ಬಣ್ಣದ ದೊಡ್ಡವು. ಅದೇ ಸುರುಳಿಯೊಳಗೆ ಅವನ್ನು ತಿನ್ನುವ ಇನ್ನೊಂದು ಥ್ರಿಪ್ಸ್, ಆಂಡ್ರೋಥ್ರಿಪ್ಸ್, ಕೂಡ ಇರುತ್ತದೆ. ಎರಡನ್ನೂ ಒಂದೇ ನುಸಿ ಎಂದರೆ ವೈರಿಯ ಜೊತೆ ಮಿತ್ರನನ್ನೂ ಕೊಂದಂತೆ.

ಇಂದು ಈ ಕೆಲಸದ ದೊಡ್ಡ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಹೆಬ್ಬಾಳದ ಬಳಿಯ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಆರ್.ಆರ್. ರಚನಾ ಥ್ರಿಪ್ಸ್‌ಗಳ ವರ್ಗೀಕರಣದಲ್ಲಿ ತೊಡಗಿದ್ದಾರೆ, ಹೊಸ ಪ್ರಭೇದಗಳನ್ನೂ ದೇಶಕ್ಕೆ ಹೊಸದಾದ ದಾಖಲೆಗಳನ್ನೂ ಕೊಟ್ಟಿದ್ದಾರೆ. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣೆಯಲ್ಲಿ ಕೌಮುದ್ ತ್ಯಾಗಿ ಮತ್ತು ವಿಕಾಸ್ ಕುಮಾರ್ ಡಿಎನ್‌ಎ ಜೊತೆಗೂಡಿಸಿ ಇದೇ ಕೆಲಸ ಮುಂದುವರಿಸಿದ್ದಾರೆ. ಇಡೀ ದೇಶಕ್ಕೆ ಥ್ರಿಪ್ಸ್ ಗುರುತಿಸಬಲ್ಲವರು ಎಷ್ಟು ಕಡಿಮೆ ಎಂದು ಯೋಚಿಸಿದಾಗ ಮನಸ್ಸು ಭಾರವಾಗುತ್ತದೆ.

ಎರಡನೆಯ ಬಗೆಯ ಹೊಸತನ ಕರ್ನಾಟಕಕ್ಕೆ ಕಲಿಸಿದ ಪಾಠ ಕಹಿ. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬುದು 1922ರಲ್ಲಿ ಕಾರ್ನಿ ಥಾಯ್ಲೆಂಡಿನ ಮಾದರಿಗಳಿಂದ ಹೆಸರಿಸಿದ ಆಗ್ನೇಯ ಏಷ್ಯಾದ ಕೀಟ. ಭಾರತದಲ್ಲಿ ಅದರ ಮೊದಲ ವರದಿ ಬಂದದ್ದು 2015ರಲ್ಲಿ, ಬೆಂಗಳೂರಿನ ಪರಂಗಿ ಗಿಡದಿಂದ. ಆಗ ಅದು ಸಂಶೋಧನಾ ಪತ್ರಿಕೆಯ ಒಂದು ಸುದ್ದಿ ಮಾತ್ರ. 2021ರ ಕೊನೆಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳಲ್ಲಿ ಅದು ಹೂವಿನೊಳಗೆ ಗುಂಪುಗಟ್ಟಿ ನಿಂತಿತು. ಹಳೆಯ ಮೆಣಸಿನಕಾಯಿ ಥ್ರಿಪ್ಸ್ ಹೆಚ್ಚಾಗಿ ಎಳೆಯ ಎಲೆಯ ಮೇಲಿರುತ್ತದೆ, ಬಣ್ಣ ಹಳದಿ. ಇದರ ಹೆಣ್ಣು ಕಡುಗಂದು, ಮನೆ ಹೂವಿನೊಳಗೆ. ಹೂವು ಉದುರಿತು, ಕಾಯಿ ನಿಲ್ಲಲಿಲ್ಲ. ಎಲೆಯ ನುಸಿಗೆ ಹೊಡೆದು ರೂಢಿಯಿದ್ದ ಔಷಧಿಗಳನ್ನು ರೈತರು ಮತ್ತೆ ಮತ್ತೆ ಹೊಡೆದರು. ಬೇಟೆಗಾರ ಕೀಟಗಳು ಸತ್ತವು, ಈ ಕಡುಗಂದು ನುಸಿ ಉಳಿಯಿತು. ಕೆಲವರು ಗಿಡ ಕಿತ್ತು ಹಾಕಿದರು. 2015ರಿಂದ 2021ರವರೆಗಿನ ಆ ಆರು ವರ್ಷ ನನ್ನನ್ನು ಈಗಲೂ ಕಾಡುತ್ತದೆ. ಹೆಸರು ಗೊತ್ತಿತ್ತು, ಊರಿಗೆ ಬಂದದ್ದೂ ಗೊತ್ತಿತ್ತು. ಆ ತಿಳಿವಳಿಕೆ ಪತ್ರಿಕೆಯಿಂದ ಹೊಲದ ಬದುವಿಗೆ ಇಳಿಯಲೇ ಇಲ್ಲ.

ಉತ್ತರ ಅಮೆರಿಕದ ಪಶ್ಚಿಮದಿಂದ ಹೂವಿನ ವ್ಯಾಪಾರದ ಜೊತೆ ಜಗತ್ತು ಸುತ್ತಿದ ಫ್ರಾಂಕ್ಲಿನಿಯೆಲ್ಲಾ ಆಕ್ಸಿಡೆಂಟಾಲಿಸ್ ಕೂಡ ಭಾರತದಲ್ಲಿ ವರದಿಯಾದದ್ದು 2015ರಲ್ಲೇ. ನಮ್ಮ ಮೆಣಸಿನಕಾಯಿ ಥ್ರಿಪ್ಸ್ ಹೊರಟುಹೋಗಿ 2005ರಲ್ಲಿ ಫ್ಲಾರಿಡಾದ ತೋಟಗಳಲ್ಲಿ ನೆಲೆಯೂರಿತು. ಸಸಿ, ಹೂಗೊಂಚಲು, ಗಡ್ಡೆ, ಹಣ್ಣು, ಏನು ಸಾಗಿದರೂ ಅದರ ಸಂದಿಯಲ್ಲಿ ಇವು ಸಾಗುತ್ತವೆ. ಮೊಟ್ಟೆ ಗಿಡದ ಅಂಗಾಂಶದೊಳಗೇ ಇರುವುದರಿಂದ ಮೇಲಿಂದಷ್ಟೇ ನೋಡಿ ಪಾಸು ಮಾಡುವ ತಪಾಸಣೆಗೆ ಸಿಗುವುದಿಲ್ಲ. ಬೂವನಹಳ್ಳಿಯಿಂದ ಮುಂದೊಂದು ದಿನ ವಿಮಾನಗಳಲ್ಲಿ ಹೂವು, ತರಕಾರಿ ಸಾಗುವುದಾದರೆ ಸಸ್ಯ ತಪಾಸಣೆಯ ಮೇಜು, ಅದರ ಮೇಲೊಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಒಬ್ಬ ಮನುಷ್ಯ ಅಲ್ಲಿ ಮೊದಲ ದಿನದಿಂದಲೇ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಮೂರನೆಯ ಬಗೆ ಎಲ್ಲಕ್ಕಿಂತ ಸೂಕ್ಷ್ಮ. ಕೂದಲೆಣಿಸಿ ಒಂದೇ ಎಂದು ಒಪ್ಪಿಕೊಂಡದ್ದು ಡಿಎನ್‌ಎ ನೋಡಿದಾಗ ಒಂದಾಗಿರುವುದಿಲ್ಲ. ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್ ಎಂಬ ಹೆಸರಿನಡಿ ಕನಿಷ್ಠ ಒಂಬತ್ತು ಪ್ರಭೇದಗಳು ಅಡಗಿವೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಒಂದೊಂದಕ್ಕೆ ಇಷ್ಟದ ಗಿಡ ಬೇರೆ, ರೋಗ ಹರಡುವ ಶಕ್ತಿ ಬೇರೆ ಇರಬಹುದು. ಡಿಎನ್‌ಎ ಬಂದ ಮೇಲೆ ಸ್ಲೈಡು, ಸೂಕ್ಷ್ಮದರ್ಶಕ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಡಿಎನ್‌ಎ ಎರಡು ಗುಂಪು ಬೇರೆ ಎಂದು ಹೇಳೀತು. 1919ರ ಹೆಸರು ಅವುಗಳಲ್ಲಿ ಯಾವುದಕ್ಕೆ ಸಲ್ಲುತ್ತದೆ ಎಂದು ಹೇಳಲು ಮೂಲ ಮಾದರಿಯ ಬಳಿಗೇ ಹೋಗಬೇಕು.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಡಲೆಕಾಯಿಯ ಕುಡಿ ಸಾಯುವ ರೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಈ ನಂಜುರೋಗವನ್ನು ಥ್ರಿಪ್ಸ್ ಹರಡುತ್ತದೆಂದು ಗೊತ್ತಿತ್ತು. ಯಾವ ಥ್ರಿಪ್ಸ್ ಎಂಬಲ್ಲಿ ವರ್ಷಗಟ್ಟಲೆ ಬೊಟ್ಟು ಮಾಡಿದ್ದು ಫ್ರಾಂಕ್ಲಿನಿಯೆಲ್ಲಾ ಶುಲ್ಟ್ಜೈ ಕಡೆಗೆ. 1990ರ ಸುಮಾರಿಗೆ ಹೈದರಾಬಾದಿನ ಬಳಿಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಮಾದರಿಗಳನ್ನು ಮತ್ತೆ ನೋಡಿದಾಗ ಮುಖ್ಯ ಅಪರಾಧಿ ಥ್ರಿಪ್ಸ್ ಪಾಮಿ ಎಂದು ತಿಳಿಯಿತು. ಇದನ್ನು 1925ರಲ್ಲಿ ಸುಮಾತ್ರಾದ ಹೊಗೆಸೊಪ್ಪಿನಿಂದ ಕಾರ್ನಿ ವರ್ಣಿಸಿದ್ದ. ಅದೇ ನಂಜು ಟೊಮ್ಯಾಟೊ, ಆಲೂಗೆಡ್ಡೆಗೂ ಬರುತ್ತದೆ. ಮರಿಯಾಗಿದ್ದಾಗ ರೋಗದ ಗಿಡದ ರಸ ಹೀರಿದ ಥ್ರಿಪ್ಸ್ ಮಾತ್ರ ದೊಡ್ಡದಾದ ಮೇಲೆ ನಂಜು ಹರಡಬಲ್ಲದು. ಆದ್ದರಿಂದ ಯಾವ ಕಳೆಗಿಡದಲ್ಲಿ ಅದರ ಮರಿ ಬೆಳೆಯುತ್ತದೆ ಎಂದು ತಿಳಿಯದೆ ರೋಗ ತಡೆಯಲಾಗದು. ಅದು ತಿಳಿಯಬೇಕಾದರೆ ಮೊದಲು ಕೀಟ ಯಾವುದೆಂದು ಗೊತ್ತಿರಬೇಕು.

ಈಗ ಹಾಸನಕ್ಕೆ ಬರೋಣ. ಪಡುವಣದಲ್ಲಿ ಸಕಲೇಶಪುರದ ಮಳೆಕಾಡು, ಮೂಡಣದಲ್ಲಿ ಅರಸೀಕೆರೆಯ ಒಣ ಬಯಲು, ನಡುವೆ ಅರೆಮಲೆನಾಡು. ಒಂದು ದಿನದ ದಾರಿಯೊಳಗೆ ಇಷ್ಟು ಬಗೆಯ ಹವೆ, ಇಷ್ಟು ಬಗೆಯ ಬೆಳೆ ಇರುವ ಜಿಲ್ಲೆಗಳು ಕಡಿಮೆ. ಪ್ರತಿ ವರ್ಷ ಏಪ್ರಿಲ್, ಮೇ ಹೊತ್ತಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗೆಡ್ಡೆ ಲಾರಿಗಳಲ್ಲಿ ಹಾಸನದ ಎಪಿಎಂಸಿಗೆ ಬರುತ್ತದೆ. ಅಂಗಮಾರಿಯ ಭಯದಲ್ಲಿ ರೈತರ ಗಮನವೆಲ್ಲ ಆ ರೋಗದ ಕಡೆಗಿರುವಾಗ ಆಲೂಗೆಡ್ಡೆಯ ಮೇಲಿನ ಥ್ರಿಪ್ಸ್‌ಗಳ ಲೆಕ್ಕ ಹಿಂದೆ ಬೀಳುತ್ತದೆ. ಅರಕಲಗೂಡಿನ ಹೊಗೆಸೊಪ್ಪು, ಹೊಳೆನರಸೀಪುರದ ಭತ್ತದ ಒಟ್ಟಲು ಇವುಗಳಲ್ಲೂ ಬೆಳೆಗೊಂದು ಥ್ರಿಪ್ಸ್ ಪಟ್ಟಿ ಬೇಕು, ಋತುವಿಗೊಂದು ಬೇಕು. ಬೆಳೆಯಾಚೆಗೆ ಕಾಡಂಚು, ದೇವರಕಾಡು, ಕೆರೆ ಏರಿಯ ಹುಲ್ಲು, ಕಾಫಿ ತೋಟದ ನೆರಳು ಮರಗಳ ಒಣಕೊಂಬೆ ಇವೆ. ಹೆಸರಿಲ್ಲದ ಪ್ರಭೇದ ಸಿಗುವ ಸಂಭವ ಹೆಚ್ಚಿರುವುದು ಇಂಥ ಕಡೆಯೇ, ಏಕೆಂದರೆ ಈವರೆಗೆ ಹುಡುಕಿದವರ ಕಣ್ಣು ಬಹಳಮಟ್ಟಿಗೆ ಬೆಳೆಯ ಮೇಲೇ ಇತ್ತು.

ಇದಕ್ಕೆ ಬೇಕಾದ ಮನೆಗಳು ಜಿಲ್ಲೆಯಲ್ಲಿ ಇವೆ. ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ, ಸಕಲೇಶಪುರದ ದೋಣಿಗಾಲಿನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ. ಇವುಗಳ ವಿದ್ಯಾರ್ಥಿಗಳು ವರ್ಷವಿಡೀ ಒಂದೊಂದು ಹೋಬಳಿಯ ಮಾದರಿ ಸಂಗ್ರಹಿಸಿ ಬೆಂಗಳೂರಿಗೆ ಕಳಿಸಿದರೆ, ಹೊಸ ಪ್ರಭೇದ ಸಿಗಲಿ ಬಿಡಲಿ, ಹೊರಗಿನಿಂದ ಬಂದ ಕೀಟವೊಂದು ಬೆಳೆಗೆ ಬೀಳುವ ಮುನ್ನವೇ ಕಣ್ಣಿಗೆ ಬೀಳುತ್ತದೆ. ಹಾಗೆ ಬಿದ್ದ ಸುದ್ದಿ ಅಂದೇ ರೈತ ಸಂಪರ್ಕ ಕೇಂದ್ರದ ಫಲಕಕ್ಕೂ ಏರಬೇಕು.

ರೈತರೂ ಇದರಲ್ಲಿ ಭಾಗಿಗಳಾಗಬಹುದು. ಎಂದೂ ಕಾಣದ ನುಸಿ ಹೂವಿನಲ್ಲೋ ಕುಡಿಯಲ್ಲೋ ಕಂಡರೆ ಔಷಧಿ ಹೊಡೆಯುವ ಮೊದಲು ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿ, ಉದುರಿದ್ದನ್ನು ಒದ್ದೆ ಕುಂಚದಲ್ಲಿ ಎತ್ತಿ, ಬಿಗಿ ಮುಚ್ಚಳದ ಸೀಸೆಯಲ್ಲಿ ಆಲ್ಕೋಹಾಲ್ ಹಾಕಿ ಇಡುವುದು. ಸ್ಪಿರಿಟ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಒಂದೆರಡಲ್ಲ, ಹತ್ತಿಪ್ಪತ್ತು ಇರಲಿ. ಗಂಡು, ಹೆಣ್ಣು, ಮರಿ ಮೂರೂ ಸಿಕ್ಕರೆ ಗುರುತು ಸುಲಭ. ಚೀಟಿಯಲ್ಲಿ ಊರು, ತಾಲ್ಲೂಕು, ತಾರೀಖು, ಬೆಳೆ, ಗಿಡದ ಯಾವ ಭಾಗದಲ್ಲಿ ಸಿಕ್ಕಿತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಸೀಸೆಯೊಳಗೇ ಹಾಕಬೇಕು. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಅಳಿಸಿಹೋಗುತ್ತದೆ. ಸೀಸೆಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ಕಾಲೇಜಿನ ಕೀಟಶಾಸ್ತ್ರ ವಿಭಾಗಕ್ಕೋ ಮುಟ್ಟಿಸಿದರೆ ಅಲ್ಲಿಂದ ಮುಂದಕ್ಕೆ ಹೋಗುತ್ತದೆ.